ಬಾಚಣಿಗೆಯಜ್ಜನ ದಣಿವು

"ಚನ್ನಬಸಮ್ಮನ ಜಡೆ ಎಷ್ಟುದ್ದ ಇತ್ತು ಗೊತ್ತೇ? ಬೆಳಗ್ಗೆ ನೆತ್ತಿಯಿಂದ ಹೊರಟರೆ ನಾನು ತುದಿ ಮುಟ್ಟುವಾಗ ಊಟದ ಹೊತ್ತು. ನಡುವೆ ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತಿದ್ದೆ," ಎಂದಿತು ಮೂರು ಹಲ್ಲು ಮುರಿದ ಮರದ ಬಾಚಣಿಗೆ. ಅಲ್ಲವೆನ್ನಲು ಸಾಕ್ಷಿಯೇ ಇರಲಿಲ್ಲ. ಕ್ಯಾನ್ಸರಿನ ಔಷಧಿಗೆ ಆ ಕೂದಲೆಲ್ಲ ಉದುರಿತ್ತು; ಪಕ್ಕದಲ್ಲಿ ಕೇಳುತ್ತಿದ್ದ ತಲೆವಸ್ತ್ರ ಆ ಮನೆಗೆ ಬಂದದ್ದೇ ಆಮೇಲೆ.

ಚಿಕಿತ್ಸೆ ಮುಗಿದು ಎರಡು ತಿಂಗಳಾದರೂ ಬಾಚಣಿಗೆಗೆ ಕರೆ ಬಂದಿರಲಿಲ್ಲ. ಆದರೂ ಅದು ದಿನಾ, "ನಾಳೆ ಕರೀತಾಳೆ, ನೋಡ್ತಿರು," ಎನ್ನುತ್ತಿತ್ತು.

ಅಂದು ಚನ್ನಬಸಮ್ಮ ವಸ್ತ್ರ ಸುತ್ತಿಕೊಂಡು ಬಾಚಣಿಗೆಯನ್ನು ಕೈಗೆತ್ತಿಕೊಂಡಳು. "ನನಗಿನ್ನು ಇದ್ಯಾಕೆ? ನಾದಿನಿಗೆ ಕೊಟ್ಟುಬಿಡ್ತೀನಿ," ಎಂದಳು. ತಲೆ ಮುಟ್ಟಿ ನೋಡುವುದನ್ನೇ ಅವಳು ಬಿಟ್ಟಿದ್ದಳು; ಒಳಗಿನ ಸಂಗತಿ ವಸ್ತ್ರಕ್ಕೆ ಮಾತ್ರ ಗೊತ್ತಿತ್ತು. ಅದು ಮೆಲ್ಲಗೆ ಜಾರಿತು. ಸರಿಮಾಡಲು ಹೋದ ಅವಳ ಕೈಗೆ ಎಳೆಗೂದಲು ತಾಕಿತು. ಅಂಗೈಯಿಂದ ಮತ್ತೆ ಮತ್ತೆ ಸವರಿ ನೋಡಿದಳು.

"ಇಷ್ಟು ದಿನ ಮುಚ್ಚಿಟ್ಟು ಕಾಯ್ದೆಯಲ್ಲೇ ತಾಯಿ," ಎಂದು ವಸ್ತ್ರವನ್ನು ಕಣ್ಣಿಗೊತ್ತಿಕೊಂಡಳು. ಬಾಚಣಿಗೆಯನ್ನು ನೆತ್ತಿಯ ಮೇಲೆ ಒಂದು ಸಲ ಎಳೆದು ನಕ್ಕಳು. ಎರಡನ್ನೂ ಪೆಟ್ಟಿಗೆಯಲ್ಲಿಟ್ಟು, ಬರಿದಲೆಯಲ್ಲೇ ಅಂಗಳಕ್ಕೆ ಹೋದಳು.

ಬಾಚಣಿಗೆ ಉಸ್ಸೆಂದಿತು. "ನೀನು ಜಾರದೇ ಇದ್ದಿದ್ದರೆ ನಾನಿವತ್ತು ನಾದಿನಿಯ ಪಾಲು. ಬದುಕಿಸಿದೆ ಮಗಳೇ. ಆದರೆ ಗಂಟು ಬಿಡಿಸೀ ಬಿಡಿಸೀ ನನ್ನ ಬೆನ್ನು ಬಿದ್ದುಹೋಯಿತು ನೋಡು."

"ಅಜ್ಜಾ, ಅಲ್ಲಿರೋದು ಅಕ್ಕಿಕಾಳಿನಷ್ಟು ಕೂದಲು. ಗಂಟೆಲ್ಲಿಂದ ಬಂತು?"

ಬಾಚಣಿಗೆ ಭುಜ ಕುಣಿಸಿತು. "ಕೂದಲು ಬೆಳೆದ ಮೇಲೆ ಹೇಗಿದ್ದರೂ ಬರುತ್ತಲ್ಲ. ಒಂಚೂರು ಮುಂಚೆ ದಣಿದೆ, ಅಷ್ಟೇ."