ಕಸಿಲ್ದಾ ಮಾತೆಯವರು ಬಿಟ್ಟುಕೊಟ್ಟ ಜಾಗ

“ಏನಪ್ಪಾ, ಹೆಣ ಹೂಳೋ ಜಾಗ ಯಾವ ಕಡೆ?” ದಾರಿ ಕವಲೊಡೆಯುವಲ್ಲಿ ಹೇಸರಗತ್ತೆಯನ್ನು ನಿಲ್ಲಿಸಿ ಬಿಬಿಯಾನಾ ಕುರಿಗಾಹಿಯನ್ನು ಕೇಳಿದಳು. ಸ್ಪೇನ್ ದೇಶದ ಸಂತೆಗಳನ್ನೆಲ್ಲ ಸುತ್ತಿ ಬಟ್ಟೆ ಮಾರಿದವಳು, ಹುಟ್ಟಿದೂರಿನಲ್ಲೇ ದಾರಿ ತಪ್ಪಿದ್ದಳು. ಹೇಸರಗತ್ತೆಯ ಮೇಲೆ, ಕಂಬಳಿಯಲ್ಲಿ ಸುತ್ತಿದ ಅವಳ ತಾಯಿಯ ದೇಹವಿತ್ತು.

“ಇಗರ್ಜಿಯಲ್ಲಿ ಬೇಡ ಅಂದರಾ?”

“ಬೀಗ ಹಾಕ್ಕೊಂಡಿದ್ದಾರೆ. ಪಾದ್ರಿಗಳು ಅಧಿಕಾರಿಯನ್ನು ಕೇಳು ಅಂತಾರೆ, ಅಧಿಕಾರಿ ದೊರೆಯ ಆಜ್ಞೆ ಅಂತಾರೆ. ಇಗರ್ಜಿಯ ನೆಲದಲ್ಲಿ ಹೂತರೆ ಗಾಳಿ ಕೆಟ್ಟು ಜ್ವರ ಬರುತ್ತದಂತೆ, ಊರಾಚೆ ಹೊಲದಲ್ಲಿ ಹೂಳಬೇಕಂತೆ. ನಮ್ಮಮ್ಮ ಏನು ಬಟಾಣಿಯೇ?”

ಹದಿನೆಂಟನೆಯ ಶತಮಾನದಲ್ಲಿ, ಅರಮನೆ ಎಲ್ಲವನ್ನೂ ಸುಧಾರಿಸಲು ಹೊರಟಿದ್ದ ಕಾಲವದು. ಕುರಿಗಾಹಿ ನಕ್ಕು ಗುಡ್ಡದ ಕಡೆ ಕೈ ತೋರಿದ. “ಹೋಗಕ್ಕ. ಅಲ್ಲಿ ಇನ್ನೂ ಯಾರನ್ನೂ ಹೂತಿಲ್ಲ. ಕನ್ಯಾಸ್ತ್ರೀ ಮಠದ ಕಸಿಲ್ದಾ ಮಾತೆ ಒಬ್ಬರೇ ಇದ್ದಾರೆ.”

ಇಗರ್ಜಿಯ ಒಳಗಿನ ನೆಲದಲ್ಲಿ ಮನೆಗೊಂದು ಹಾಸುಗಲ್ಲು, ಅದರಡಿಯಲ್ಲಿ ಹಿರಿಯರು. ಸಾವಾದ ಮನೆಯ ಹೆಣ್ಣುಮಗಳು ವರ್ಷವಿಡೀ ಪ್ರತಿ ಭಾನುವಾರ ಆ ಕಲ್ಲಿನ ಮೇಲೆ ಮಂಡಿಯೂರಿ ರೊಟ್ಟಿ, ಮೇಣದ ದೀಪ ಇಡುವುದು ಆ ಕಡೆಯ ವಾಡಿಕೆ. ಹಾಗೆ ಇಡುವೆನೆಂದೂ ಅಪ್ಪನ ಪಕ್ಕದಲ್ಲೇ ಮಲಗಿಸುವೆನೆಂದೂ ಬಿಬಿಯಾನಾ ತಾಯಿಗೆ ಮಾತು ಕೊಟ್ಟಿದ್ದಳು.

ಪೂಜ್ಯ ಕಸಿಲ್ದಾ ಮಾತೆಯವರು ಗೋಡೆಯಿಲ್ಲದ ಆ ಹೊಲದಲ್ಲಿ ಬರಿಗಾಲಲ್ಲಿ ನಿಂತು ಗುಂಡಿ ತೋಡುತ್ತಿದ್ದರು.

“ತಾಯಿ, ದೊರೆ ಸರಿಯೋ, ನಮ್ಮಮ್ಮ ಸರಿಯೋ? ನನಗಂತೂ ತಲೆ ಕೆಟ್ಟುಹೋಗಿದೆ. ಈ ಬಯಲಲ್ಲಿ ಅವಳೊಬ್ಬಳನ್ನೇ ಹೇಗೆ ಬಿಡಲಿ?”

ಮಾತೆಯವರು ಗುಂಡಿಯಿಂದ ಮೇಲೆ ಬಂದು ಗುದ್ದಲಿ ಒರಗಿಸಿ, “ಇದು ನನಗೆಂದು ತೋಡಿಕೊಂಡದ್ದು. ಅವರು ಮೊದಲು ಬಂದರು, ಅವರಿಗಿರಲಿ,” ಎಂದರು.

“ನಿಮಗೆ ಮಠದಲ್ಲಿ ಬಲಿಪೀಠದ ಹತ್ತಿರವೇ ಜಾಗವಿದೆಯಂತಲ್ಲ!”

“ಬೇಡವೆಂದು ಬಂದೆ. ನಿಮ್ಮಮ್ಮನ ಪಕ್ಕದಲ್ಲಿ ನಾನಿರುತ್ತೇನೆ, ಮಗಳೇ.”

ಸಂತೆಗಳಲ್ಲಿ ಯಾರಿಗೂ ಸೋಲದ ಬಿಬಿಯಾನಾ ಸೋತು, ಹೇಸರಗತ್ತೆಯಿಂದ ತಾಯಿಯನ್ನು ಇಳಿಸಿದಳು. ಮಾತೆಯವರು ಕರೆಸಿದರೆಂದು ಪಾದ್ರಿಗಳೂ ಏದುಸಿರು ಬಿಡುತ್ತಾ ಬಂದು ಪ್ರಾರ್ಥನೆ ಹೇಳಿದರು. ಮಣ್ಣು ಮುಚ್ಚಿಯಾಯಿತು. ಕಲ್ಲೇ ಇಲ್ಲ, ಎಲ್ಲಿ ಮಂಡಿಯೂರುವುದು ಎಂದು ಅವಳು ತೊಳಲಾಡುತ್ತಿದ್ದಾಗ, ಮಾತೆಯವರೇ ಹಸಿ ಮಣ್ಣಿನಲ್ಲಿ ಮಂಡಿಯೂರಿ, ಗಾಳಿಗೆ ಆರಲಿದ್ದ ದೀಪಕ್ಕೆ ಅಂಗೈ ಮರೆ ಹಿಡಿದರು.

ಒಂದೂರಲ್ಲಿ ಕಾಲು ನಿಲ್ಲದ ಬಿಬಿಯಾನಾ ಆ ವರ್ಷ ಊರು ಬಿಡಲಿಲ್ಲ. ದೊರೆಯ ಆಜ್ಞೆ ಸರಿಯೇ ತಪ್ಪೇ ಎಂಬುದು ಅವಳಿಗೆ ಕಡೆಗೂ ಬಗೆಹರಿಯಲಿಲ್ಲ. ಭಾನುವಾರ ಬಂದರೆ ಸಾಕು, ರೊಟ್ಟಿ ಹಿಡಿದು ಗುಡ್ಡ ಹತ್ತುತ್ತಿದ್ದಳು.

ಚಳಿಗಾಲದಲ್ಲಿ ಮಾತೆಯವರು ದೈವಾಧೀನರಾದರು. ನೆಲ ಹೆಪ್ಪುಗಟ್ಟಿತ್ತು. ಅಗೆಯಲು ಬಂದ ಆಳುಗಳ ಕೈಗೆ ಬಿಬಿಯಾನಾ ಗುದ್ದಲಿ ಕೊಡಲಿಲ್ಲ. “ದೂರ ನಿಲ್ರಪ್ಪಾ. ಇವರಿಗೆ ನಾನೊಂದು ಗುಂಡಿಯ ಸಾಲ ತೀರಿಸಬೇಕಾಗಿದೆ,” ಎಂದಳು. ತಾಯಿಯ ಪಕ್ಕದಲ್ಲೇ, ಅಂಗೈ ಬೊಬ್ಬೆ ಏಳುವ ತನಕ, ತಾನೇ ತೋಡಿದಳು. ಆ ಸಂಜೆ ಎರಡು ರೊಟ್ಟಿ ಇಟ್ಟು, ಎರಡು ದೀಪ ಹಚ್ಚಿ, ನಡುವಿನ ಮಣ್ಣಿನಲ್ಲಿ ಮಂಡಿಯೂರಿದಳು.