ನಗುವ ಪರದೆ, ಕರಿಯ ಪರದೆ

ಇದು ನಡೆದದ್ದು ಆಷಾಢ ಮಾಸದಲ್ಲಿ.

ಒಂದು ಕಾಡಿನಲ್ಲಿ, ಹೊಳೆ ಉಕ್ಕಿದಾಗ ಸೈರನ್ ಕೂಗಿಸಲೆಂದು ಬಂಡೆಯ ಮೇಲೆ ಒಂದು ಕಂಪ್ಯೂಟರ್ ಇತ್ತು. ಆ ಕೆಲಸಕ್ಕೆ ಮೊಲ ಬಿಳಿಯಕ್ಕ ಹೊಸದಾಗಿ ಸೇರಿದ್ದಳು. ಅವಳ ಮರಿಗಳ ಬಿಲ ಹೊಳೆಯ ದಂಡೆಯಲ್ಲಿತ್ತು. ಕಂಪ್ಯೂಟರನ್ನು ಮಾತ್ರ ಅವಳು ಎಂದೂ ಮುಟ್ಟಿದವಳಲ್ಲ.

ಅದರಲ್ಲಿದ್ದುದು ಆಮೆ ಮಂದಣ್ಣನ ಆಪರೇಟಿಂಗ್ ಸಿಸ್ಟಮ್. ಕರಿಯ ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಗೆರೆ. ಎಷ್ಟು ಮಳೆಗಾಲ ಕಳೆದರೂ ಅದು ಒಮ್ಮೆಯೂ ನಿಂತಿರಲಿಲ್ಲ.

“ಸ್ವಲ್ಪ ಹೇಳಿಕೊಡಿ, ಮಂದಣ್ಣ,” ಎಂದಳು ಬಿಳಿಯಕ್ಕ.

“ಆಜ್ಞೆ ಬರೆಯಲು ಬಾರದವರಿಗೆ ಕಂಪ್ಯೂಟರ್ ಏತಕ್ಕೆ?” ಎಂದು ಆಮೆ ಚಿಪ್ಪಿನೊಳಗೆ ತಲೆ ಎಳೆದುಕೊಂಡ.

ಆಗ ನರಿ ಮಿಂಚಯ್ಯ ಬೇರೊಂದು ಕಂಪ್ಯೂಟರ್ ಹೊತ್ತು ತಂದ. “ನನ್ನ ಸಿಸ್ಟಮ್ ನೋಡು, ತಂಗಿ. ಕಲಿಯುವ ಗೋಜೇ ಇಲ್ಲ.” ಮುಟ್ಟಿದೊಡನೆ ಪರದೆಯ ತುಂಬ ಹೂವರಳಿತು. ‘ಸ್ವಾಗತ, ಬಿಳಿಯಕ್ಕ’ ಎಂದಿತು.

ಯಾವ ಹೊಸ ವಸ್ತು ಬಂದರೂ ಎಲ್ಲರಿಗಿಂತ ಹೊಸಬರು ಒಂದು ಬೆಳಿಗ್ಗೆ ಬಳಸಿ ನೋಡಬೇಕು, ಅವರ ಮಾತೇ ತೀರ್ಮಾನ. ಇದು ಆ ಕಾಡಿನ ವಾಡಿಕೆ. ಹೊಸಬರಿಗೆ ಒಂದು ಬೆಳಿಗ್ಗೆಯಲ್ಲಿ ಕಾಣುವುದು ಹೂವು ಮಾತ್ರವೆಂದು ನರಿ ಬಲ್ಲವನಾಗಿದ್ದ. ಬಿಳಿಯಕ್ಕ “ಚೆನ್ನಾಗಿದೆ” ಎಂದಳು. ನರಿಗೆ ಬಹುಮಾನವಾಗಿ ಹೊಳೆಯಂಚಿನ ಬೆಚ್ಚನೆಯ ಗುಹೆ ದೊರೆಯಿತು. ಕರಿಯ ಪರದೆಯನ್ನು ಬಂಡೆಯ ಮೂಲೆಗೆ ತಳ್ಳಿದರು. ಅದನ್ನು ನಿಲ್ಲಿಸುವುದು ಹೇಗೆಂದು ಮಂದಣ್ಣನ ಹೊರತು ಯಾರಿಗೂ ತಿಳಿಯದ ಕಾರಣ ಅದು ನಡೆಯುತ್ತಲೇ ಇತ್ತು.

ಒಂದು ಮಧ್ಯಾಹ್ನ ಹೊಳೆ ಉಕ್ಕಿತು. ಬಿಳಿಯಕ್ಕ ನಗುವ ಪರದೆಯನ್ನು ಮುಟ್ಟಿದಳು. ‘ಹೊಸ ಹೂವುಗಳನ್ನು ಜೋಡಿಸಲಾಗುತ್ತಿದೆ. ದಯವಿಟ್ಟು ಕಾಯಿರಿ’ ಎಂದಿತು ಅದು. ಒಂದು ಚಕ್ರ ಸುತ್ತತೊಡಗಿತು. ನೀರು ಏರಿತು. ಚಕ್ರ ಸುತ್ತುತ್ತಲೇ ಇತ್ತು.

ಅವಳು ಮೂಲೆಗೆ, ಕರಿಯ ಪರದೆಯ ಪಕ್ಕದಲ್ಲಿದ್ದ ಆಮೆಯ ಬಳಿಗೆ ಧಾವಿಸಿದಳು. “ಮಂದಣ್ಣ, ನನ್ನ ಮರಿಗಳು ಕೆಳಗಿವೆ. ಏನು ಬರೆಯಬೇಕು?”

“‘ಕೂಗು’ ಎಂದು ಬರೆ.”

“ಅಷ್ಟೆಯೇ?”

“ಅಷ್ಟೆ.”

“ಇಷ್ಟು ಹೇಳಿಕೊಡಲು ನಿಮ್ಮ ನಾಲಿಗೆ ಸವೆಯುತ್ತಿತ್ತೇ?” ಎನ್ನುತ್ತಲೇ ಅವಳು ಬರೆದಳು. ಸೈರನ್ ಕೂಗಿತು. ಹಳೆಯ ಆ ಕೂಗನ್ನು ಅರಿತಿದ್ದ ಮರಿಗಳು ಬಂಡೆ ಹತ್ತಿದವು.

ನೀರುನಾಯಿ ತುಂಗವ್ವ ಗುಹೆಯ ಬಾಗಿಲಲ್ಲಿ ನಿಂತು ನರಿಯನ್ನು ಕರೆದಳು. “ಆ ಕೂಗು ಮುದುಕ ಆಮೆಯ ಹೊಟ್ಟೆಕಿಚ್ಚು,” ಎಂದು ಅವನು ಮಗ್ಗುಲು ಬದಲಿಸಿದ. “ನಿಜವಾದ ನೆರೆಯಾಗಿದ್ದರೆ ನನ್ನ ಸಿಸ್ಟಮ್ ಹಾಡುತ್ತಿತ್ತು.”

ಗುಹೆ ಹೊಳೆಯ ಪಾಲಾಯಿತು. ತುಂಗವ್ವ ನರಿಯನ್ನು ಬಾಲ ಹಿಡಿದು ಎಳೆತಂದು, ಇನ್ನೂ ಸುತ್ತುತ್ತಿದ್ದ ಚಕ್ರದ ಮುಂದೆ ಕೆಡವಿದಳು.

“ಕಾಯುತ್ತಿರು, ಅಣ್ಣ,” ಎಂದಳು ಬಿಳಿಯಕ್ಕ. “ಕಲಿಯುವ ಗೋಜಂತೂ ಇಲ್ಲವಲ್ಲ.”

ಆಗ ಬಂಡೆಯ ಮೇಲೆ ಇದ್ದವರು: ಬಿಳಿಯಕ್ಕ, ಅವಳ ಮರಿಗಳು, ತುಂಗವ್ವ, ತಲೆ ಹೊರಗಿಟ್ಟಿದ್ದ ಮಂದಣ್ಣ, ತೊಯ್ದ ಮಿಂಚಯ್ಯ.

ನೀತಿ: ಮೊದಲ ನೋಟಕ್ಕೆ ನಗುವುದೆಲ್ಲ ಆಪತ್ತಿಗೆ ನಿಲ್ಲುವುದಿಲ್ಲ, ಆಪತ್ತಿಗೆ ನಿಲ್ಲುವುದನ್ನು ಹೊಸಬರಿಗೆ ಕಲಿಸದವನ ಜಾಣತನವೂ ವ್ಯರ್ಥ.