ಟಗರು ಮತ್ತು ರಾಗಿಕಾಳು

"ಗುರುಗಳೇ, ದೂರವಾದಷ್ಟೂ ನಕ್ಷತ್ರಗುಚ್ಛ ಮಂಕಾಗಿ ಕಾಣುತ್ತದೆ, ಆ ಮಂಕನ್ನು ನೋಡಿಯೇ ಗೆಲಾಕ್ಸಿಯ ದೂರ ಹೇಳಬಹುದು ಎಂದಿರಿ," ಎಂದ ಶಿಷ್ಯ ಚೆನ್ನವೀರ. "ಪ್ರತಿ ಗೆಲಾಕ್ಸಿಯಲ್ಲೂ ನೂರಾರು ಗುಚ್ಛಗಳ ನಡುವೆ ಎಲ್ಲಕ್ಕಿಂತ ಕಣ್ಣಿಗೆ ಹೊಡೆಯುವುದನ್ನೇ ಆರಿಸಿ ಅಳೆದೆ. ಮೂರು ಸಲವೂ ಸುಳ್ಳಾಯಿತು. ಈ ಗುಚ್ಛಗಳನ್ನು ನಂಬುವುದು ಹೇಗೆ?"

ಗುರುಗಳು ಕತೆ ಹೇಳಿದರು.

ಒಬ್ಬ ಕುರಿಗಾಹಿ. ಬಯಲಿನಲ್ಲಿ ಬೀಡುಬಿಟ್ಟಿದ್ದಾಗ ಅವನ ಹೆಂಡತಿಗೆ ಹೆರಿಗೆ ನೋವು ಬಂತು. ಹೊತ್ತು ನೆತ್ತಿಗೇರಿದರೂ ಮಗು ಹೊರಬರಲಿಲ್ಲ. ಮೂಡಲ ಗುಡ್ಡದಲ್ಲೊಂದು, ಪಡುವಲ ಗುಡ್ಡದಲ್ಲೊಂದು ಮಂದೆ ಮೇಯುತ್ತಿತ್ತು. ಎರಡೂ ಮಂದೆಯವರ ಬೀಡಿನಲ್ಲಿ ಸೂಲಗಿತ್ತಿಯರಿದ್ದರು. ಆದರೆ ಒಂದು ಕಡೆ ಹೋಗಿಬರುವಷ್ಟೇ ವೇಳೆಯಿತ್ತು.

ಆ ಜನಕ್ಕೆ ಮಂದೆಯೆಂದರೆ ಟಗರು. ಉಳಿದ ಕುರಿಗಳತ್ತ ಯಾರೂ ಕಣ್ಣೆತ್ತಿ ನೋಡರು. ಕುರಿಗಾಹಿಯ ಮಾವನೂ ಹಾಗೆಯೇ ಟಗರನ್ನೇ ನೋಡಿದ.

"ಮೂಡ್ಲ ಗುಡ್ಡದ ಟಗರು ಎಷ್ಟು ದೊಡ್ಡದಾಗಿ ಕಾಣ್ತೈತೆ ನೋಡು. ಅದೇ ಹತ್ರ. ಓಡು."

ಕುರಿಗಾಹಿಗೆ ಜೀವ ಬಾಯಿಗೆ ಬಂದಿತ್ತು. ಆದರೂ ಓಡಲಿಲ್ಲ. ಒಂದು ರಾಗಿಕಾಳನ್ನು ಬೆರಳ ತುದಿಯಲ್ಲಿ ಹಿಡಿದು, ಕೈ ನೀಡಿ, ಒಂದು ಕಣ್ಣು ಮುಚ್ಚಿದ.

"ನನ್ನ ಮಗ್ಳು ಸಾಯ್ತಾ ಅವ್ಳೆ, ನೀನು ರಾಗಿ ಹಿಡ್ಕಂಡು ನಿಂತಿದೀಯ?"

"ಟಗರು ಹುರುಳಿ ತಿನ್ಸಿದಷ್ಟೂ ಬೆಳೀತೈತೆ ಮಾವ. ಕುರಿ ಎಲ್ಲಾ ಕಡೆ ಒಂದೇ."

ಯಾವ ಮಂದೆಯಲ್ಲೂ ಮರಿಗಳುಂಟು, ಮೈತುಂಬಿದವೂ ಉಂಟು. ಹೆಚ್ಚಿನವು ಮಾತ್ರ ಒಂದೇ ಅಳತೆಯವು. ಅಂಥ ಕುರಿ ನಾನೂರು ಹೆಜ್ಜೆ ದೂರದಲ್ಲಿ ರಾಗಿಕಾಳಿನ ಹಿಂದೆ ಸರಿಯಾಗಿ ಮರೆಯಾಗುವುದನ್ನು ಅವನು ತನ್ನ ಮಂದೆಯಲ್ಲೇ ಎಷ್ಟೋ ಸಲ ನೋಡಿದ್ದ. ಈಗ ಮಂದೆಯ ಉದ್ದಕ್ಕೂ ಕಾಳನ್ನು ಸರಿಸುತ್ತ ನೋಡಿದ. ಮೂಡಲಲ್ಲಿ ಒಂದು ಕಾಳಿಗೆ ಅಂಥ ಐದು ಕುರಿ ಅಕ್ಕಪಕ್ಕ ಅಡಗಿದವು. ಪಡುವಲಲ್ಲಿ ಮೂರೇ. ಕಡಿಮೆ ಅಡಗಿದ ಕಡೆಯೇ ಹತ್ತಿರ.

ಅವನು ಪಡುವಲಕ್ಕೆ ಓಡಿದ. ಮಾವ ಬೆನ್ನಹಿಂದೆ ಹಿಡಿಶಾಪ ಹಾಕಿದ.

ಬರುವಾಗ ಮುದುಕಿ ಸೂಲಗಿತ್ತಿಯನ್ನು ಹೆಗಲ ಮೇಲೆ ಹೊತ್ತು ತಂದ. ಸ್ವಲ್ಪ ಹೊತ್ತಿಗೆಲ್ಲ ಮಗುವಿನ ಅಳು ಬಯಲಿಗೆಲ್ಲ ಕೇಳಿಸಿತು.

"ಇನ್ನೊಂದು ಗಳಿಗೆ ತಡ ಆಗಿದ್ರೆ ಇಬ್ರೂ ದಕ್ತಿರ್ಲಿಲ್ಲ," ಎಂದಳು ಮುದುಕಿ.

ಕುರಿಗಾಹಿಗೆ ಕುಣಿಯುವಷ್ಟು ಸಂತೋಷವಾಯಿತು. ಮಗುವನ್ನು ತೋರಿಸಲು ಮಾವನನ್ನು ಹುಡುಕಿದ. ಮಾವ ಆಚೆ ನಿಂತು, ರಾಗಿಕಾಳು ಹಿಡಿದ ಕೈಯನ್ನು ಮೂಡಲಕ್ಕೆ ನೀಡಿ, ಒಂದು ಕಣ್ಣು ಮುಚ್ಚಿದ್ದ.

ಗುರುಗಳು ಶಿಷ್ಯನ ಹಾಳೆಯತ್ತ ನೋಡಿದರು.

"ಚೆನ್ನವೀರ, ಮೂರು ಸಲವೂ ನೀನು ಅಳೆದದ್ದು ಟಗರನ್ನು, ಮಂದೆ ಇನ್ನೂ ಅಲ್ಲೇ ಮೇಯುತ್ತಿದೆ."